ಖಾಲಿ ಬಾಟ್ಲಿಗೆ ಕೆಲಸ ಬೇಕು

ಶ್ರೀನಿವಾಸಪುರದ ಕಡೆ ಮಾವಿನ ಕಾಲ ಬಂತೆಂದರೆ ಅಟ್ಟದ ಮೇಲಿದ್ದ ಹಳೆಯ ಹಾರ್ಲಿಕ್ಸ್ ಬಾಟ್ಲಿಗಳು ಕೆಳಗಿಳಿಯುತ್ತವೆ. ಬೇನಿಷಾ, ತೋತಾಪುರಿ ಮಂಡಿಗೆ ಹೋದ ಮೇಲೆ ಮನೆಗೆ ಉಳಿಯುವುದು ಹುಳಿ ತುಂಬಿದ ನಾಟಿ ಕಾಯಿ. ಅದನ್ನು ಓಟೆಯ ಸಮೇತ ಹೋಳು ಮಾಡಿ ಆವಕಾಯಿ ಹಾಕುತ್ತಾರೆ. ಈ ಗಡಿಸೀಮೆಯಲ್ಲಿ ಮನೆಮಾತು ಕನ್ನಡವಾದರೂ ತೆಲುಗಾದರೂ ಉಪ್ಪಿನಕಾಯಿ ಒಂದೇ. ವರ್ಷಕ್ಕಾಗುವಷ್ಟು ಜಾಡಿಯಲ್ಲಿ, ದಿನದ ಊಟಕ್ಕೆ ಬೇಕಾದಷ್ಟು ಗಾಜಿನ ಬಾಟ್ಲಿಯಲ್ಲಿ.

ನಮ್ಮಜ್ಜಿ ಆ ಬಾಟ್ಲಿಗಳನ್ನು ಬೂದಿ ಹಾಕಿ ಉಜ್ಜಿ, ತಣ್ಣೀರಿನ ಪಾತ್ರೆಯಲ್ಲಿ ಮುಳುಗಿಸಿ, ನಿಧಾನವಾಗಿ ಕಾಯಿಸುತ್ತಿದ್ದರು. ಕುದಿನೀರನ್ನು ನೇರ ಹೊಯ್ದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಗಾಜು ಸೀಳುತ್ತದೆ. ಆಮೇಲೆ ಬಿಸಿಲಲ್ಲಿ ಬೋರಲು. ಒಂದು ಹನಿ ಉಳಿದರೂ ಬೂಸ್ಟು ಬರುತ್ತದೆಂದು ಬೆರಳಿಂದ ಒಳಗೆ ತಡವಿ ನೋಡುತ್ತಿದ್ದರು. ಉಪ್ಪಿಗೆ ತಗಡಿನ ಮುಚ್ಚಳ ತುಕ್ಕು ಹಿಡಿಯುವುದರಿಂದ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದರು.

ಈಗ ಖಾಲಿ ಬಾಟ್ಲಿಗೆ ಬಣ್ಣ ಬಳಿದು, ಗೋಂದು ಹಚ್ಚಿ ದಾರ ಸುತ್ತಿ, ಒಳಗೆ ಮಿಣುಕುದೀಪದ ಸರ ತುರುಕಿ ಷೋಕೇಸಿನಲ್ಲಿಡುವುದನ್ನೂ ಮರುಬಳಕೆ ಎನ್ನುತ್ತೇವೆ. ಹಾಗೆನ್ನಬಹುದೇ? ನನ್ನ ಅಳತೆಗೋಲು ಒಂದೇ: ಈ ಬಾಟ್ಲಿಯಿಂದ ಯಾವ ಹೊಸ ವಸ್ತುವನ್ನು ಕೊಳ್ಳುವುದು ತಪ್ಪಿತು? ಬಣ್ಣ, ಗೋಂದು, ದೀಪ ಮೂರನ್ನೂ ಕೊಂಡು ತಂದ ಮೇಲೆ ತಪ್ಪಿದ್ದು ಏನೂ ಇಲ್ಲ. ವರ್ಷ ಕಳೆದು ಬೇಸರವಾದಾಗ ಅದು ತೊಳೆದು ಬಳಸುವುದಕ್ಕೂ ಬಾರದು, ಗುಜರಿಗೂ ಬೇಡ.

ಗಾಜು ಅಗ್ಗವಾಗಿ ಸಿಕ್ಕಿದರೂ ಅಗ್ಗವಾಗಿ ಹುಟ್ಟಿದ್ದಲ್ಲ. ಮರಳು, ಸೋಡಾ ಬೂದಿ, ಸುಣ್ಣಕಲ್ಲನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಬೇಕು. ಒಡೆದ ಗಾಜನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಗಾಜು ಮಾಡಬಹುದು ನಿಜ, ಅದಕ್ಕೂ ಕುಲುಮೆ ಬೇಕು. ಇದ್ದ ಬಾಟ್ಲಿಯನ್ನೇ ತೊಳೆಯಲು ಒಂದೆರಡು ಚೊಂಬು ನೀರು ಸಾಕು. ಕಸಕ್ಕೆ ಎಸೆದರೆ ಅದರ ಚೂರು ಸೇರುವುದು ಪೌರಕಾರ್ಮಿಕರ ಅಂಗೈಗೆ.

ಅಂದವೂ ಬೇಕಲ್ಲವೇ ಎಂದು ಕೇಳುವವರಿದ್ದಾರೆ. ಬೇಕು, ಖಂಡಿತ. ಬಣ್ಣ ಬಳಿಯದ ಬಾಟ್ಲಿಗೆ ನೀರು ತುಂಬಿ ಮನಿಪ್ಲಾಂಟಿನ ಒಂದು ಕುಡಿ ಇಳಿಬಿಡಿ. ವಾರ ಕಳೆದರೆ ಗಿಣ್ಣಿನಿಂದ ಬಿಳಿಯ ಬೇರು ಇಳಿಯುವುದು ಕಾಣುತ್ತದೆ. ಒಳಗಿನದನ್ನು ಕಾಣಿಸುವುದೇ ಗಾಜಿನ ಗುಣ, ಅದನ್ನು ಮುಚ್ಚಿದರೆ ತಗಡಿನ ಡಬ್ಬಿಗೂ ಅದಕ್ಕೂ ಏನು ವ್ಯತ್ಯಾಸ? ನಮ್ಮ ಬೋರ್‌ವೆಲ್ ನೀರಾದರೆ ಅಂಚಿನಲ್ಲಿ ಸುಣ್ಣದ ಬಿಳಿ ಗೆರೆ ಕೂರುತ್ತದೆ. ಹುಣಸೆಹಣ್ಣು ಕಿವುಚಿ ಉಜ್ಜಿ, ಹೋಗುತ್ತದೆ.

ಒಳಗಿನದನ್ನು ಕಾಣಿಸುವ ಈ ಗುಣವನ್ನು ಹೊಲಕ್ಕೂ ಒಯ್ಯಬಹುದು. ಕೆರೆಯ ಗೋಡನ್ನು ಕೆಂಪು ಹೊಲಕ್ಕೆ ಹೊಡೆಸುವ ಮುಂಚೆ ಬಾಟ್ಲಿಯ ಮೂರನೇ ಒಂದು ಪಾಲಿಗೆ ಆ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷಕ್ಕೆ ತಳ ಸೇರುತ್ತದೆ, ನಯವಾದ ಮಣ್ಣು ಕೆಲವು ಗಂಟೆಗೆ, ಜೇಡಿ ಕೂರಲು ಒಂದು ದಿನವೋ ಎರಡೋ ಬೇಕು. ಪದರಗಳನ್ನು ಸ್ಕೇಲು ಹಿಡಿದು ಅಳೆದರೆ ಟ್ರ್ಯಾಕ್ಟರಿನವನಿಗೆ ದುಡ್ಡು ಕೊಡುವ ಮೊದಲೇ ಮಣ್ಣು ಎಂಥದ್ದೆಂದು ತಿಳಿಯುತ್ತದೆ.

ಬಿತ್ತನೆಯ ಅವರೆ, ಅಲಸಂದೆಯನ್ನು ಬೂದಿ ಬೆರೆಸಿ ಇಡಲೂ ಬಾಟ್ಲಿ ಒಳ್ಳೆಯದು, ಕಾಳು ಚೆನ್ನಾಗಿ ಒಣಗಿದ್ದರೆ ಮಾತ್ರ. ಗಾಜು ಉಸಿರಾಡುವುದಿಲ್ಲ, ಒಳಗಿನ ತೇವ ಒಳಗೇ ಕೊಳೆಸುತ್ತದೆ. ಅಂಗಡಿಗೂ ಬಾಟ್ಲಿ ಹಿಡಿದು ಹೋಗಿ, ಖಾಲಿಯದನ್ನು ಮೊದಲು ತೂಗಿಸಿ, ಜೀರಿಗೆ, ಮೆಣಸು ತುಂಬಿಸಿಕೊಳ್ಳಬಹುದು. ಒಂದೊಂದಕ್ಕೂ ಒಂದು ಪ್ಲಾಸ್ಟಿಕ್ ಪೊಟ್ಟಣ ತಪ್ಪುತ್ತದೆ.

ಆದರೆ ಎಲ್ಲ ಬಾಟ್ಲಿಗೂ ಎರಡನೇ ಬದುಕು ಕೊಡಬಾರದು. ಕೋಲಾರ, ಮುಳಬಾಗಿಲಿನ ಟೊಮೆಟೊ ತೋಟಗಳಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕೀಟನಾಶಕವನ್ನು ನಾವು ಔಷಧಿ ಎಂದೇ ಕರೆಯುತ್ತೇವೆ. ಆ ಹೆಸರೇ ಮೈಮರೆಸುತ್ತದೆ. ಅದರ ಖಾಲಿ ಬಾಟ್ಲಿಯನ್ನು ಎಷ್ಟು ತೊಳೆದರೂ ಅಡುಗೆಮನೆಗೆ ತರಬೇಡಿ, ನೀರು ಕುಡಿಯಲಂತೂ ಬೇಡವೇ ಬೇಡ. ಉಳಿದ ಔಷಧಿಯನ್ನು ಹಾರ್ಲಿಕ್ಸ್ ಬಾಟ್ಲಿಗೆ ಸುರಿದು ಗೂಡಿನಲ್ಲಿಡುವ ಅಭ್ಯಾಸ ಇನ್ನೂ ಅಪಾಯ, ಏಕೆಂದರೆ ಮನೆಯ ಮಗುವಿಗೆ ಆ ಬಾಟ್ಲಿ ಎಂದರೆ ಹಾರ್ಲಿಕ್ಸೇ. ಇವತ್ತೇ ನಿಮ್ಮ ಗೂಡು, ಪಂಪ್‌ಸೆಟ್ ಮನೆಯ ಮೂಲೆ ಒಮ್ಮೆ ನೋಡಿ. ಅಂಥದ್ದಿದ್ದರೆ ಬೇರೆ ಇಟ್ಟು ಬೀಗ ಹಾಕಿ.