ನೀರು ಸುರಿಯುವ ಕಣ್ಣು ಒಣಗಿರಲು ಸಾಧ್ಯವೇ? ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳ ಬಗ್ಗೆ ತಿಳಿಯಬೇಕಾದದ್ದು

“ಕಣ್ಣು ಉರಿಯುತ್ತಿದೆಯೇ? ರಾತ್ರಿ ಮಲಗುವ ಮುನ್ನ ಎರಡು ಹನಿ ಹರಳೆಣ್ಣೆ ಹಾಕಿಕೊಳ್ಳಿ, ಕನ್ನಡಕವೂ ಬೇಡವಾಗುತ್ತದೆ.” ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮೈಸೂರಿನ ಕುವೆಂಪುನಗರದಲ್ಲಿರುವ, ನಮ್ಮ ತಂಡದ ಒಬ್ಬರ ತಾಯಿಗೂ ಬಂದಿತ್ತು. ಅವರಿಗೆ ಬೆಳಿಗ್ಗೆ ಎದ್ದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ. ಸ್ಕೂಟರಿನಲ್ಲಿ ಹಿಂದೆ ಕೂತರೆ ಗಾಳಿಗೆ ಧಾರಾಕಾರ ನೀರು. ಪುಣ್ಯಕ್ಕೆ ಎಣ್ಣೆ ಹಾಕಿಕೊಳ್ಳುವ ಮೊದಲು ಅದನ್ನು ಮಗಳಿಗೆ ಕಳಿಸಿ, “ಇದು ನಿಜಾನಾ ನೋಡೇ” ಎಂದರು.

ಕಣ್ಣಿನ ಡಾಕ್ಟರ್ ಪರೀಕ್ಷೆ ಮಾಡಿ, ಇದು ಒಣಗಣ್ಣು, ಅಂದರೆ ಡ್ರೈ ಐ ಎಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. “ಇಷ್ಟೊಂದು ನೀರು ಸುರೀತಿದೆ, ಒಣಗಿದೆ ಅಂತಾರಲ್ಲ!” ಎಂದರು. ಆದರೆ ಡಾಕ್ಟರ್ ಹೇಳಿದ್ದು ಸರಿ. ಅವರ ಕಣ್ಣಿನಲ್ಲಿ ಕೊರತೆಯಾಗಿದ್ದದ್ದು ನೀರಲ್ಲ, ಎಣ್ಣೆ.

ಕಣ್ಣೀರಿಗೂ ಎಣ್ಣೆಗೂ ಏನು ಸಂಬಂಧ?

ನಮ್ಮ ಕಣ್ಣಿನ ಮೇಲೆ ಸದಾ ಕಣ್ಣೀರಿನ ತೆಳುವಾದ ಪೊರೆ ಇರುತ್ತದೆ. ಅದರಲ್ಲಿ ಕಣ್ಣಿಗೆ ಅಂಟಿಕೊಳ್ಳುವ ಲೋಳೆ, ನೀರು, ಎಲ್ಲಕ್ಕೂ ಮೇಲೆ ಎಣ್ಣೆಯ ಪದರ ಇರುತ್ತವೆ. ಒಗ್ಗರಣೆಯ ಎಣ್ಣೆ ತೇಲುವ ಸಾರು ಬೇಗ ಆರುವುದಿಲ್ಲ ಅಲ್ಲವೇ? ಹಾಗೆಯೇ ಈ ಎಣ್ಣೆ ಪದರ ಕಣ್ಣೀರು ಬೇಗ ಆವಿಯಾಗದಂತೆ ತಡೆಯುತ್ತದೆ.

ಈ ಎಣ್ಣೆಯನ್ನು ತಯಾರಿಸುವುದು ಮೈಬೋಮಿಯನ್ ಗ್ರಂಥಿಗಳು. 1666ರಲ್ಲಿ ಇವುಗಳ ಬಗ್ಗೆ ವಿವರವಾಗಿ ಬರೆದ ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ ಅವರಿಂದ ಈ ಹೆಸರು ಬಂದಿದೆ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನ ರೆಪ್ಪೆಯಲ್ಲಿ 20ರಿಂದ 30 ಗ್ರಂಥಿಗಳಿರುತ್ತವೆ. ಅವುಗಳ ಬಾಯಿ ರೆಪ್ಪೆಗೂದಲಿನ ಹಿಂದೆಯೇ, ರೆಪ್ಪೆಯ ಅಂಚಿನಲ್ಲಿ ತೆರೆಯುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗ ಸ್ವಲ್ಪ ಎಣ್ಣೆ ಹೊರಬರುತ್ತದೆ.

ಡಿಸೆಂಬರ್ ಚಳಿಯಲ್ಲಿ ಮೈಸೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುವುದನ್ನು ನೋಡಿರುತ್ತೀರಿ. ಈ ಗ್ರಂಥಿಗಳಲ್ಲೂ ಅಂಥದ್ದೇ ತೊಂದರೆಯಾಗುತ್ತದೆ. ಕಾರಣ ಚಳಿಯಲ್ಲ; ಎಣ್ಣೆಯ ಗುಣ ಬದಲಾಗಿ ಅದು ಬೆಣ್ಣೆಯಂತೆ ಮಂದವಾಗುತ್ತದೆ, ಗ್ರಂಥಿಯ ಬಾಯಿ ಕಟ್ಟಿಕೊಳ್ಳುತ್ತದೆ. ಎಣ್ಣೆ ಪದರ ಹರಿದ ಜಾಗದಲ್ಲಿ ಕಣ್ಣು ಒಣಗಿ ಉರಿಯುತ್ತದೆ. ಆ ಉರಿಗೆ ಪ್ರತಿಯಾಗಿ ಕಣ್ಣೀರ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಆದರೆ ಎಣ್ಣೆಯಿಲ್ಲದ ಆ ನೀರು ಕೆನ್ನೆಗೆ ಇಳಿಯುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲುವುದಿಲ್ಲ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಜಗತ್ತಿನಲ್ಲಿ ಒಣಗಣ್ಣಿಗೆ ಇದೇ ಅತಿ ಮುಖ್ಯ ಕಾರಣವಿರಬಹುದು ಎಂದು 2011ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಹೇಳಿತ್ತು.

ಯಾರಿಗೆ ಹೆಚ್ಚು?

ವಯಸ್ಸಾದಂತೆ ಇದು ಹೆಚ್ಚುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಾಮಾನ್ಯ. ರೆಪ್ಪೆಯ ಒಳ ಅಂಚಿಗೆ ಹಚ್ಚುವ ಕಾಡಿಗೆ ನೇರವಾಗಿ ಗ್ರಂಥಿಗಳ ಬಾಯಿಯ ಮೇಲೆಯೇ ಕೂರುತ್ತದೆ. ಇನ್ನು ಮೊಬೈಲ್: ಸಾಮಾನ್ಯವಾಗಿ ನಾವು ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನ್ ನೋಡುವಾಗ ಇದು ಅರ್ಧಕ್ಕಿಂತ ಕಡಿಮೆಯಾಗಬಹುದು. ಬಡಿದರೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ.

ಪತ್ತೆ ಮಾಡುವುದು ಹೇಗೆ?

ಇದಕ್ಕೆ ದೊಡ್ಡ ಸ್ಕ್ಯಾನ್ ಬೇಕೇ ಬೇಕು ಎಂದಿಲ್ಲ. ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ರೆಪ್ಪೆಯಂಚು ನೋಡಿ, ಮೆಲ್ಲಗೆ ಒತ್ತಿದರೆ ಎಣ್ಣೆ ತಿಳಿಯಾಗಿ ಬರುತ್ತದೆಯೋ, ಪೇಸ್ಟಿನಂತೆ ಬರುತ್ತದೆಯೋ, ಬರುವುದೇ ಇಲ್ಲವೋ ಎಂಬುದು ಡಾಕ್ಟರಿಗೆ ಗೊತ್ತಾಗುತ್ತದೆ. ಫ್ಲೋರೆಸೀನ್ ಎಂಬ ಬಣ್ಣ ಹಾಕಿ, ರೆಪ್ಪೆ ಬಡಿಯದೆ ಇದ್ದಾಗ ಕಣ್ಣೀರ ಪೊರೆ ಎಷ್ಟು ಸೆಕೆಂಡಿಗೆ ಹರಿಯುತ್ತದೆ ಎಂದು ಎಣಿಸುತ್ತಾರೆ. 10 ಸೆಕೆಂಡಿಗಿಂತ ಬೇಗ ಹರಿದರೆ ಪೊರೆ ದುರ್ಬಲ. ಷರ್ಮರ್ ಪರೀಕ್ಷೆಯಲ್ಲಿ ಕೆಳ ರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ, 5 ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಎಂದು ಅಳೆಯುತ್ತಾರೆ. ಪಟ್ಟಿ ಚೆನ್ನಾಗಿ ಒದ್ದೆಯಾಗಿ, ಪೊರೆ ಮಾತ್ರ ಬೇಗ ಹರಿದರೆ ಅನುಮಾನ ಎಣ್ಣೆ ಗ್ರಂಥಿಗಳ ಮೇಲೆ. ಕೆಲವೆಡೆ ಮೈಬೋಗ್ರಫಿ ಎಂಬ ಇನ್‌ಫ್ರಾರೆಡ್ ಚಿತ್ರವನ್ನೂ ತೆಗೆಯುತ್ತಾರೆ. ಎಷ್ಟು ಗ್ರಂಥಿಗಳು ಸವೆದಿವೆ ಎಂಬುದು ಅದರಲ್ಲಿ ಕಾಣುತ್ತದೆ.

ಬೇಗ ತೋರಿಸಬೇಕು ಎನ್ನುವುದು ಇದಕ್ಕೇ. ಕಟ್ಟಿಕೊಂಡ ಗ್ರಂಥಿಯನ್ನು ತೆರೆಯಬಹುದು. ವರ್ಷಗಟ್ಟಲೆ ಕಟ್ಟಿಕೊಂಡು ಪೂರ್ತಿ ಸವೆದುಹೋದ ಗ್ರಂಥಿಯನ್ನು ಮತ್ತೆ ತರುವುದು ಕಷ್ಟ.

ಚಿಕಿತ್ಸೆ ಏನು?

ಗಟ್ಟಿಯಾದ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಡುತ್ತೇವಲ್ಲ, ಮೊದಲ ಚಿಕಿತ್ಸೆಯೂ ಅದೇ. ಶುದ್ಧ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ 5ರಿಂದ 10 ನಿಮಿಷ ಇಡಬೇಕು. ಶಾಖ ಸುಮಾರು 40 ಡಿಗ್ರಿ ಇದ್ದರೆ ಸಾಕು. ಮೊದಲು ಮಣಿಕಟ್ಟಿನ ಮೇಲಿಟ್ಟು ನೋಡಿ, ಸುಡಬಾರದು. ಬಟ್ಟೆ ಬೇಗ ಆರುವುದರಿಂದ ಎರಡು ನಿಮಿಷಕ್ಕೊಮ್ಮೆ ಮತ್ತೆ ಅದ್ದಬೇಕು. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಬೆರಳಿನಿಂದ ಮೆಲ್ಲಗೆ ನೀವಬೇಕು. ಕಣ್ಣುಗುಡ್ಡೆಯನ್ನು ಒತ್ತಬಾರದು. ಕೊನೆಗೆ ರೆಪ್ಪೆಯಂಚನ್ನು ಸ್ವಚ್ಛಗೊಳಿಸಬೇಕು. ಇದನ್ನು ಎರಡು ದಿನ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ. ಹಲ್ಲುಜ್ಜುವಂತೆ ದಿನವೂ ಮಾಡಬೇಕು, ಗುಣ ಕಾಣಲು ವಾರಗಳೇ ಬೇಕು.

ಇದರ ಜೊತೆಗೆ ಕೃತಕ ಕಣ್ಣೀರಿನ ಹನಿ ಕೊಡುತ್ತಾರೆ. ಇಷ್ಟಕ್ಕೆ ಬಗ್ಗದಿದ್ದರೆ ಅಜಿತ್ರೊಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಬರೆಯಬಹುದು. ಡಾಕ್ಸಿಸೈಕ್ಲಿನ್ ಅನ್ನು ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದ್ದರಿಂದ ಪಕ್ಕದ ಮನೆಯವರ ಚೀಟಿ ನಿಮಗೆ ಆಗಿಬರುವುದಿಲ್ಲ. ಯಂತ್ರದಿಂದ ರೆಪ್ಪೆ ಕಾಯಿಸುವ, ಬೆಳಕಿನ ಮಿಡಿತ ಬಳಸುವ ದುಬಾರಿ ಚಿಕಿತ್ಸೆಗಳೂ ಇವೆ. ಅವು ಕೆಲವರಿಗೆ ಸಹಾಯ ಮಾಡುತ್ತವೆ, ಆದರೆ ಮೊದಲ ಮೆಟ್ಟಿಲಲ್ಲ.

ಹಾಗಾದರೆ ಆ ಫಾರ್ವರ್ಡ್?

“ಎಣ್ಣೆ ಕಡಿಮೆಯಿದ್ದರೆ ಎಣ್ಣೆ ಹಾಕೋಣ” ಎಂಬುದು ಕೇಳಲು ಸರಿ ಎನಿಸುತ್ತದೆ. ಔಷಧಿ ಅಂಗಡಿಯ ಕೆಲವು ಕಣ್ಣಿನ ಹನಿಗಳಲ್ಲಿ ಹರಳೆಣ್ಣೆ ಇರುವುದೂ ನಿಜ. ಆದರೆ ಅದನ್ನು ಅತಿ ಸಣ್ಣ ಕಣಗಳಾಗಿ ಬೆರೆಸಿ, ರೋಗಾಣುಮುಕ್ತ ಮಾಡಿರುತ್ತಾರೆ. ಗಾಣದ ಎಣ್ಣೆ, ಮನೆಯ ತುಪ್ಪ, ಜೇನು ಹಾಗಲ್ಲ. ಅವು ಸೋಂಕು ತರಬಹುದು, ಕಟ್ಟಿದ ಗ್ರಂಥಿಯನ್ನು ತೆರೆಯುವುದಿಲ್ಲ, ಕನ್ನಡಕವನ್ನಂತೂ ಬಿಡಿಸುವುದಿಲ್ಲ.

ಕಾರ್ಖಾನೆಯ ಹನಿಯಲ್ಲೇ ಶುದ್ಧತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2023ರಲ್ಲಿ ನೋಡಿದ್ದೇವೆ. ಚೆನ್ನೈನ ಕಂಪನಿಯೊಂದು ತಯಾರಿಸಿದ ಕೃತಕ ಕಣ್ಣೀರಿನೊಂದಿಗೆ ನಂಟಿದ್ದ ಸೋಂಕು ಅಮೆರಿಕದ 18 ರಾಜ್ಯಗಳಲ್ಲಿ 81 ಜನರಿಗೆ ತಗುಲಿತು. 14 ಮಂದಿ ದೃಷ್ಟಿ ಕಳೆದುಕೊಂಡರು, ನಾಲ್ವರು ಸತ್ತರು.

ಮೀನೆಣ್ಣೆಯ ಒಮೆಗಾ-3 ಮಾತ್ರೆಯಿಂದ ಒಣಗಣ್ಣು ವಾಸಿ ಎಂಬ ಮಾತೂ ಇದೆ. 2018ರಲ್ಲಿ ಪ್ರಕಟವಾದ ಅಮೆರಿಕದ ಡ್ರೀಮ್ ಅಧ್ಯಯನದಲ್ಲಿ 535 ಜನರನ್ನು ಒಂದು ವರ್ಷ ಪರೀಕ್ಷಿಸಿದಾಗ, ಮೀನೆಣ್ಣೆ ತೆಗೆದುಕೊಂಡವರಿಗೂ ಆಲಿವ್ ಎಣ್ಣೆ ತೆಗೆದುಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಎಲ್ಲಕ್ಕಿಂತ ಅಪಾಯ, ಚೀಟಿಯಿಲ್ಲದೆ ಕೇಳಿ ತರುವ ಸ್ಟೀರಾಯ್ಡ್ ಹನಿಗಳು. ಮರುದಿನವೇ ಕಣ್ಣಿನ ಕೆಂಪು ಇಳಿಯುತ್ತದೆ, ಹಾಗಾಗಿ ಜನ ತಿಂಗಳುಗಟ್ಟಲೆ ಹಾಕುತ್ತಾರೆ. ಕಣ್ಣಿನ ಒತ್ತಡ ಹೆಚ್ಚಿ ಗ್ಲಾಕೋಮಾ ಬಂದರೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ.

ಯಾವಾಗ ತಡಮಾಡಬಾರದು?

ಕಣ್ಣಲ್ಲಿ ತೀವ್ರ ನೋವು, ಮಂಜಾಗುವ ದೃಷ್ಟಿ, ಬೆಳಕು ನೋಡಲಾಗದಿರುವುದು, ಕೀವು, ಇವುಗಳಲ್ಲಿ ಯಾವುದಿದ್ದರೂ ಅಂದೇ ನೇತ್ರತಜ್ಞರನ್ನು ಕಾಣಿ. ಬಾಯಿಯೂ ಒಣಗಿ ಕೀಲುನೋವಿದ್ದರೆ ಅದನ್ನೂ ಹೇಳಿ. ಕಾರಣ ಬೇರೆ ಇರಬಹುದು. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆಯ ಕಣ್ಣಿನ ವಿಭಾಗವಿದೆ, ಬೇರೆ ಊರಿನವರು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದು.

ಕುವೆಂಪುನಗರದ ಆ ತಾಯಿ ಈಗ ದಿನವೂ ಬಿಸಿ ಬಟ್ಟೆಯ ಶಾಖ ಕೊಟ್ಟುಕೊಳ್ಳುತ್ತಾರೆ. ಉರಿ ಪೂರ್ತಿ ಹೋಗಿಲ್ಲ, ಆದರೆ ಬೆಳಗಿನ ಮರಳು ಕಡಿಮೆಯಾಗಿದೆ. ಹರಳೆಣ್ಣೆಯ ಸಂದೇಶ ಬಂದ ಗ್ರೂಪಿಗೆ ಅವರೇ ಉತ್ತರ ಹಾಕಿದ್ದಾರೆ: “ಎಣ್ಣೆ ಹಾಕಬೇಡಿ, ಮೊದಲು ರೆಪ್ಪೆ ತೋರಿಸಿ.” ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.