ಪಳಗಿದ ಕೈಗೂ ಒಂದು ಆಸರೆ

“ಕೈ ಪಳಗಿದವನಿಗೆ ಉಪಕರಣವೇಕೆ?” ಎಂದು ಕೇಳುವವರುಂಟು. ರಿಪೇರಿ ಅಂಗಡಿ ಇಟ್ಟಿರುವ ನಮ್ಮಣ್ಣನೂ ಅವರಲ್ಲೊಬ್ಬ. ಈ ಮಾತನ್ನು ನಾನು ಒಪ್ಪಲಾರೆ.

ತ್ರೀಡಿ ಪ್ರಿಂಟರಿನಲ್ಲಿ ಅಚ್ಚಾದ ಪ್ಲಾಸ್ಟಿಕ್ ಭಾಗಗಳನ್ನು ಜೋಡಿಸಲು ತಿರುಪು ಬೇಕಷ್ಟೆ. ಪ್ಲಾಸ್ಟಿಕ್ಕಿಗೇ ನೇರವಾಗಿ ತಿರುಗಿಸಿದರೆ ನಾಲ್ಕಾರು ಸಲ ಬಿಚ್ಚಿ ಹಾಕುವಷ್ಟರಲ್ಲಿ ಹಿಡಿತ ಹೋಗುತ್ತದೆ. ಆದುದರಿಂದ ಮೈಮೇಲೆ ಗೀರುಗಳುಳ್ಳ ಪುಟ್ಟ ಹಿತ್ತಾಳೆಯ ನಟ್ಟನ್ನು ಸಾಲ್ಡರಿಂಗ್ ಐರನ್ನಿನಿಂದ ಕಾಯಿಸಿ, ರಂಧ್ರದೊಳಕ್ಕೆ ಇಳಿಸುವುದು ವಾಡಿಕೆ. 3 ಮಿ.ಮೀ. ತಿರುಪಿನದಾದರೆ ರಂಧ್ರ ಸುಮಾರು 4 ಮಿ.ಮೀ. ಕರಗಿದ ಪ್ಲಾಸ್ಟಿಕ್ಕು ಗೀರುಗಳಲ್ಲಿ ಸೇರಿ, ಆರಿದ ಮೇಲೆ ಬಿಗಿಹಿಡಿಯುತ್ತದೆ. ಕೈ ತುಸು ವಾಲಿತೋ, ನಟ್ಟು ಸೊಟ್ಟಗೆ ಕೂತಿತೆಂದೇ ಲೆಕ್ಕ. ಏಳು ಗಂಟೆ ಅಚ್ಚಾದ ಡಬ್ಬಿಯೊಂದು ಕೊನೆಯ ನಟ್ಟಿನಲ್ಲಿ ನನ್ನಿಂದ ಕೆಟ್ಟಿತು. ಗಿರಾಕಿಯದು, ನಷ್ಟ ತೆತ್ತವನು ಅಣ್ಣ.

ಆ ಬಳಿಕ ಕಟ್ಟಿದ್ದು ಈ ಒತ್ತುಯಂತ್ರ. ಪ್ಲೈವುಡ್ಡಿನ ಪೀಠ, ನೆಟ್ಟಗೆ ನಿಂತ ಹಲಗೆ, ಅದಕ್ಕೆ ಮೇಜಿನ ಡ್ರಾಯರಿಗೆ ಹಾಕುವ ಚಾನೆಲ್, ಚಾನೆಲಿಗೆ ಬಿಗಿದ ಐರನ್ನು, ಮೇಲಕ್ಕೆಳೆಯಲು ಒಂದು ಸ್ಪ್ರಿಂಗು. ಪುಸ್ತಕದ ಕಪಾಟಿನ ಮೂಲೆಯಲ್ಲಿ ಹಿಡಿಸುತ್ತದೆ. ಅಗ್ಗದ ಚಾನೆಲ್ ಅಲುಗಾಡಿತೆಂಬುದನ್ನು ಮರೆಮಾಚಲಾರೆ. ಎರಡನ್ನು ಜೊತೆಗಿಟ್ಟ ಮೇಲೆ ಸರಿಹೋಯಿತು.

ಇದು ಕೈಚಳಕವನ್ನು ಕಸಿಯಿತೇ? ನೇರವಾಗಿ ಇಳಿಸುವ ಹೊಣೆಯನ್ನಷ್ಟೆ ಹೊತ್ತಿತು. ನಟ್ಟು ಎಷ್ಟು ಕಾದಿದೆ, ಎಷ್ಟು ಮೆಲ್ಲಗೆ ಒತ್ತಬೇಕು, ಅಂಚಿಗೆ ಕೂದಲೆಳೆಯಷ್ಟು ಉಳಿದಾಗ ಐರನ್ನನ್ನು ಎತ್ತಿ ತಣ್ಣನೆಯ ಲೋಹದ ತುಂಡಿನಿಂದ ಹೇಗೆ ಸಮಮಾಡಬೇಕು, ಇವೆಲ್ಲ ಇಂದಿಗೂ ಕೈಗೆ ಬಿಟ್ಟ ವಿಷಯ. ವಾಸ್ತವವಾಗಿ ಈಗಲೇ ನಾನು ಅವನ್ನು ಗಮನಿಸಲು ಕಲಿತದ್ದು. ಮೊದಲು ಗಮನವೆಲ್ಲ ನಡುಗದಿರುವುದರಲ್ಲೇ ಮುಗಿಯುತ್ತಿತ್ತು.

ಅಣ್ಣ ಇನ್ನೂ ಒಪ್ಪಿಲ್ಲ. ನಾಲ್ಕು ನಟ್ಟಿಗಿಂತ ಹೆಚ್ಚಿದ್ದರೆ ಮಾತ್ರ ಅದನ್ನು ಬಳಸುತ್ತಾನೆ.