ವೃದ್ಧಾಶ್ರಮವಿಲ್ಲವೆಂಬ ಹೆಮ್ಮೆ ಸಾಕು

‘ಮುಸ್ಲಿಮ್ ಸಮುದಾಯದಲ್ಲಿ ವೃದ್ಧಾಶ್ರಮಗಳಿಲ್ಲ’ ಎಂಬ ಮಾತನ್ನು ನಮ್ಮ ವೇದಿಕೆಗಳಿಂದ ನಾವು ಅದೆಷ್ಟು ಬಾರಿ ಕೇಳಿಲ್ಲ? ಪಾಶ್ಚಾತ್ಯರ ಕುಟುಂಬ ಒಡೆದುಹೋಗಿದೆ, ನಮ್ಮದು ಗಟ್ಟಿಯಾಗಿದೆ ಎಂದು ಹೇಳಿ ಭಾಷಣ ಮುಗಿಸುವುದು ರೂಢಿಯಾಗಿಬಿಟ್ಟಿದೆ. ಆದರೆ ರೋಣ, ನರಗುಂದ, ಗಜೇಂದ್ರಗಡಗಳ ನಮ್ಮ ಓಣಿಗಳಲ್ಲಿ ಒಂದು ಸಂಜೆ ಸುತ್ತಿ ಬಂದವರು ಈ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು. ವೃದ್ಧಾಶ್ರಮವಿಲ್ಲ, ನಿಜ. ಅನೇಕ ಮನೆಗಳೇ ವೃದ್ಧಾಶ್ರಮಗಳಾಗಿವೆ. ಅಲ್ಲಿ ವಾಸಿಸುವವರು ಒಬ್ಬರೇ, ನೋಡಿಕೊಳ್ಳುವವರು ಯಾರೂ ಇಲ್ಲ.

ಊರು ಬಿಟ್ಟು ಹೋದ ಮಕ್ಕಳನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಇದು ಮಳೆಯನ್ನೇ ನೆಚ್ಚಿದ ಎರೆಭೂಮಿ. ಮಹಾದಾಯಿ ನೀರಿಗಾಗಿ ನರಗುಂದದಲ್ಲಿ 2015ರಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ನಡೆದದ್ದು ಸುಮ್ಮನೆ ಅಲ್ಲ. ದುಡಿಮೆ ಅರಸಿ ಯುವಕರು ಗೋವಾ, ಮಂಗಳೂರು, ಬೆಂಗಳೂರಿನ ದಾರಿ ಹಿಡಿದರೆ ತಪ್ಪೇನು? ತಿಂಗಳಿಗೊಮ್ಮೆ ಹಣ ಬರುತ್ತದೆ, ಮೊಬೈಲ್ ಪರದೆಯ ಮೇಲೆ ಮೊಮ್ಮಕ್ಕಳ ಮುಖ ಕಾಣುತ್ತದೆ. ಕರೆ ಮುಗಿದ ಬಳಿಕ ಮನೆ ಮೊದಲಿಗಿಂತಲೂ ಮೌನವಾಗುತ್ತದೆ. ಸಿಲಿಂಡರ್ ತಂದುಕೊಟ್ಟ ಹುಡುಗನನ್ನು ಚಹಾ ಕುಡಿದು ಹೋಗೆಂದು ಅಂಗಲಾಚುವ ವೃದ್ಧೆಯೊಬ್ಬರನ್ನು ನಾವು ಬಲ್ಲೆವು. ಆಕೆಗೆ ಹಣದ ಕೊರತೆಯಿಲ್ಲ.

ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 23ನೆಯ ಸೂಕ್ತವನ್ನು ಆಧರಿಸಿದ ಖುತ್ಬಾಗಳಿಗೆ ನಮ್ಮಲ್ಲಿ ಬರವಿಲ್ಲ. ಹೆತ್ತವರಿಗೆ ‘ಉಫ್’ ಎನ್ನಬಾರದೆಂಬುದು ಮಗುವಿಗೂ ಗೊತ್ತು. ಆದರೆ ಅದೇ ಸೂಕ್ತದಲ್ಲಿ ‘ಇಂದಕ’ ಎಂಬ ಇನ್ನೊಂದು ಪದವಿದೆ. ‘ನಿನ್ನ ಬಳಿ’ ಎಂದು ಅದರರ್ಥ. ಹೆತ್ತವರು ಮಗನ ಬಳಿಯಲ್ಲಿ ವೃದ್ಧಾಪ್ಯವನ್ನು ತಲುಪುವ ಚಿತ್ರ ಅಲ್ಲಿದೆ. ‘ಉಫ್’ ಎನ್ನಲೂ ಎದುರಿಗೆ ಯಾರೂ ಇಲ್ಲದ ಮನೆಗಳ ಕುರಿತು ನಮ್ಮ ಖತೀಬರು ಏನು ಹೇಳುತ್ತಾರೆ?

ಗಂಡಸರ ಪಾಡು ಹೇಗೋ ಸಾಗುತ್ತದೆ. ಅಸರ್ ನಮಾಝಿನಿಂದ ಮಗ್‌ರಿಬ್‌ವರೆಗೆ ಮಸೀದಿಯ ಕಟ್ಟೆಯಿದೆ, ನಾಲ್ಕು ಮಾತಿಗೆ ಜನರಿದ್ದಾರೆ. ವಿಧವೆಯರಿಗೆ ಯಾವ ಕಟ್ಟೆಯಿದೆ? ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಬಂಧುಗಳು ಬಂದುಹೋಗುತ್ತಾರೆ, ಆಮೇಲೆ ಬಾಗಿಲು ತಟ್ಟುವವರಿಲ್ಲ. ಶರೀಅತ್ ನಿಗದಿಪಡಿಸಿದ ಅವಧಿ ಮುಗಿದರೂ ಸಮಾಜ ವಿಧಿಸಿದ ಇದ್ದತ್ ಮುಗಿಯುವುದೇ ಇಲ್ಲ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟಿನ ಖರ್ಚಿಲ್ಲ. ಆದರೂ ಅರುವತ್ತು ದಾಟಿದ ವಿಧವೆ ಗದಗಿನ ತಂಗಿಯ ಮನೆಗೆ ಹೊರಟರೆ ‘ಈ ವಯಸ್ಸಿನಲ್ಲಿ ತಿರುಗಾಟವೇಕೆ’ ಎನ್ನುವ ನಾಲಗೆಗಳು ನಮ್ಮ ಮನೆಗಳಲ್ಲೇ ಇವೆ.

ಒಂಟಿತನ ಬರಿಯ ಮನಸ್ಸಿನ ಕೊರಗೂ ಅಲ್ಲ. ಜಗತ್ತಿನಲ್ಲಿ ಆರರಲ್ಲಿ ಒಬ್ಬರನ್ನು ಅದು ಬಾಧಿಸುತ್ತಿದೆ, ವರ್ಷಕ್ಕೆ 8 ಲಕ್ಷ 71 ಸಾವಿರಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಅಂದಾಜಿಸಿತು. ಹೃದ್ರೋಗ, ಪಾರ್ಶ್ವವಾಯು, ಮಧುಮೇಹದ ಅಪಾಯವನ್ನೂ ಅದು ಹೆಚ್ಚಿಸುತ್ತದೆ. ನಾವು ಗೇಲಿ ಮಾಡುವ ಬ್ರಿಟನ್ 2018ರಲ್ಲೇ ಈ ಸಮಸ್ಯೆಯ ಹೊಣೆಯನ್ನು ಓರ್ವ ಸಚಿವರಿಗೆ ವಹಿಸಿತು, 2021ರಲ್ಲಿ ಜಪಾನ್ ಕೂಡ. ಅವರು ರೋಗವನ್ನು ಒಪ್ಪಿಕೊಂಡರು. ನಾವಿನ್ನೂ ಹೆಮ್ಮೆಯಲ್ಲೇ ಇದ್ದೇವೆ.

ನಮ್ಮ ಅಂಜುಮನ್ ಮತ್ತು ಜಮಾಅತ್ ಕಮಿಟಿಗಳನ್ನು ಕೇಳಲೇಬೇಕಾದ ಪ್ರಶ್ನೆಯಿದೆ. ಚಂದಾ ಬಾಕಿಯಿರುವವರ ಹೆಸರುಗಳು ನಿಮ್ಮ ಬಾಯಿಪಾಠವಾಗಿವೆ. ಮೀನಾರದ ಎತ್ತರದ ಬಗ್ಗೆ, ಶಾದಿ ಮಹಲ್‌ನ ಬಾಡಿಗೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತೀರಿ. ನಿಮ್ಮ ಮೊಹಲ್ಲಾದಲ್ಲಿ ರಾತ್ರಿ ಒಂಟಿಯಾಗಿ ಮಲಗುವ ವೃದ್ಧರು ಎಷ್ಟು ಮಂದಿ? ಹೇಳಬಲ್ಲಿರಾ?

ಇನ್ನು ಕೆಲವರ ಕಥೆ ಬೇರೆಯೇ. ಮನೆಯನ್ನು ಹಿಬಾ ಬರೆಸಿಕೊಂಡು, ಹೆತ್ತವರನ್ನು ಹಿಂದಿನ ಕೋಣೆಗೆ ತಳ್ಳಿದ ಮಕ್ಕಳೂ ನಮ್ಮಲ್ಲಿದ್ದಾರೆ. ಇವರ ಬಗ್ಗೆ ಮೃದುವಾಗಿ ಬರೆಯುವ ಅಗತ್ಯ ನಮಗೆ ಕಾಣುವುದಿಲ್ಲ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕುರಿತ 2007ರ ಕಾನೂನು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಬಹುದು. ಆರೈಕೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ಮರಳಿ ಪಡೆಯಲೂ ಅವಕಾಶವಿದೆ. ಆದ್ದರಿಂದ ಷರತ್ತನ್ನು ಪತ್ರದಲ್ಲೇ ಬರೆಯಿಸಬೇಕು. ಅರ್ಜಿ ಹಾಕಲು ವೃದ್ಧರೇ ಓಡಾಡಬೇಕೆಂದಿಲ್ಲ, ಅವರ ಪರವಾಗಿ ಇನ್ನೊಬ್ಬರೋ ಸಂಘಟನೆಯೋ ಸಲ್ಲಿಸಬಹುದು. ಅಂಜುಮನ್‌ಗಳು ಈ ಕೆಲಸವನ್ನೇಕೆ ಕೈಗೆತ್ತಿಕೊಳ್ಳಬಾರದು? ಮಗನ ಮನೆಯವರು ಮುನಿಸಿಕೊಳ್ಳುವರೆಂಬ ಅಂಜಿಕೆಯೇ? ಹಿರಿಯರ ಸಹಾಯವಾಣಿ 14567 ಅನ್ನು ಮಸೀದಿಯ ಫಲಕದಲ್ಲಿ ಬರೆಯಲು ಒಂದು ತುಂಡು ಸೀಮೆಸುಣ್ಣ ಸಾಕು.

ಫಿತ್ರ್ ಹಂಚಲು ಬಡವರ ಪಟ್ಟಿ ಮಸೀದಿಗಳಲ್ಲಿ ಸಿದ್ಧವಾಗಿಯೇ ಇರುತ್ತದೆ. ಒಂಟಿಯಾಗಿರುವವರ ಹೆಸರುಗಳನ್ನು, ಅವರು ಬಡವರಾಗಿರಲಿ ಶ್ರೀಮಂತರಾಗಿರಲಿ, ಅದರ ಹಿಂಬದಿಯಲ್ಲಿ ಬರೆಯಿರಿ. ಜುಮಾ ಮುಗಿಸಿ ಚಹಾ ಅಂಗಡಿಗೆ ನಡೆಯುವ ಯುವಕರಿಗೆ ತಲಾ ಒಂದು ಮನೆಯನ್ನು ವಹಿಸಿ. ಚೀಲ ಹಿಡಿದು ಹೋಗುವುದು ಬೇಡ, ಫೋಟೊ ತೆಗೆಯುವುದಂತೂ ಬೇಡವೇ ಬೇಡ. ಅರ್ಧ ಗಂಟೆ ಕುಳಿತು, ಕೊಟ್ಟ ಚಹಾ ಕುಡಿದು ಬರಲಿ.